ಅಚ್ಚಿಲ್ಲದ ರೆಕ್ಕೆ: ಫೈಬರ್‌ಗ್ಲಾಸ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ (ದಾವಣಗೆರೆ): ಫೈಬರ್‌ಗ್ಲಾಸ್ ಕೆಲಸಕ್ಕೆ ಮೊದಲು ಅಚ್ಚು ಬೇಕು ಎನ್ನುತ್ತಾರೆ. ಅಮೆರಿಕದ ಎಂಜಿನಿಯರ್ ಬರ್ಟ್ ರುಟಾನ್ ಅಚ್ಚೇ ಇಲ್ಲದೆ ವಿಮಾನ ಮಾಡಿದ್ದು ಹೇಗೆ?

ಉತ್ತರ: ಫೈಬರ್‌ಗ್ಲಾಸ್ ಎಂದರೆ ರೆಸಿನ್ ಎಂಬ ಅಂಟುದ್ರವದಲ್ಲಿ ನೆನೆಸಿ ಗಟ್ಟಿಯಾಗಿಸಿದ ಗಾಜಿನ ನಾರು. ಅದಕ್ಕೆ ಆಕಾರ ಕೊಡುವ ಕೆಲಸವನ್ನು ಅವರು ಫೋಮಿಗೆ ವಹಿಸಿದರು. ಅಚ್ಚಾದರೆ ಕೊನೆಗೆ ಬಿಡಿಸಿ ತೆಗೆಯುತ್ತೇವೆ. ಇಲ್ಲಿ ಫೋಮ್ ಒಳಗೇ ಉಳಿದು ರೆಕ್ಕೆಯ ತಿರುಳಾಗುತ್ತದೆ. ನೂರಾರು ವಿಮಾನ ಮಾಡುವ ಕಾರ್ಖಾನೆಗೆ ಅಚ್ಚಿನ ಖರ್ಚು ಗಿಟ್ಟುತ್ತದೆ, ಶೆಡ್ಡಿನಲ್ಲಿ ಒಂದೇ ಒಂದು ಕಟ್ಟುವವರಿಗೆ ಗಿಟ್ಟುವುದಿಲ್ಲ. 1975ರಲ್ಲಿ ಹಾರಿದ ವೇರಿಈಝಿ, 1979ರ ಲಾಂಗ್‌ಈಝಿ ಈ ಲೆಕ್ಕದಿಂದಲೇ ಹುಟ್ಟಿದವು. ನಕ್ಷೆ ಕೊಂಡು ನೂರಾರು ಜನ ಮನೆಯಲ್ಲೇ ಕಟ್ಟಿ ಹಾರಿಸಿದರು.

ರೆಕ್ಕೆಯ ಅಡ್ಡಕೊಯ್ತದ ಆಕಾರದಲ್ಲಿ ಎರಡು ಹಲಗೆಗಳನ್ನು ಕತ್ತರಿಸಿ, ಪಾಲಿಸ್ಟೈರೀನ್ ಫೋಮಿನ ದಿಂಡಿನ ಎರಡೂ ತುದಿಗೆ ಮೊಳೆ ಹೊಡೆದು ನಿಲ್ಲಿಸುತ್ತಾರೆ. ಹಲಗೆಯ ಅಂಚಿನುದ್ದಕ್ಕೂ ಅಂಕಿಗಳಿರುತ್ತವೆ. ವಿದ್ಯುತ್ತಿನಿಂದ ಕಾದ ಬಿಗಿ ತಂತಿಯ ಎರಡು ತುದಿ ಹಿಡಿದ ಇಬ್ಬರು ಆ ಅಂಕಿಗಳನ್ನು ಕೂಗಿಕೊಳ್ಳುತ್ತ ಒಂದೇ ವೇಗದಲ್ಲಿ ಎಳೆಯಬೇಕು. ಸೆಕೆಂಡಿಗೆ ಅರ್ಧ ಸೆಂಟಿಮೀಟರ್ ಸಾಕು. ಅವಸರ ಮಾಡಿದರೆ ತಂತಿಯ ನಡುಭಾಗ ಹಿಂದೆ ಬಿದ್ದು ರೆಕ್ಕೆಯ ಮುಂದಂಚಿನ ತಿರುವು ಕೆಡುತ್ತದೆ. ತಂತಿ ಅತಿಯಾಗಿ ಕಾದರೆ ಫೋಮ್ ಕರಗಿ ಕುಳಿ ಬೀಳುತ್ತದೆ.

ಆಮೇಲೆ ಎಪಾಕ್ಸಿ ಎಂಬ ರೆಸಿನ್‌ಗೆ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಮೈಕ್ರೋಬಲೂನ್, ಅಂದರೆ ಟೊಳ್ಳು ಗಾಜಿನ ಪುಡಿ, ಕಲಸಿ ಫೋಮಿಗೆ ಸವರುತ್ತಾರೆ. ಇದನ್ನು ಬಿಟ್ಟರೆ ಫೋಮಿನ ತೆರೆದ ರಂಧ್ರಗಳು ರೆಸಿನ್ ಕುಡಿಯುತ್ತವೆ, ರೆಕ್ಕೆ ತೂಕವಾಗುತ್ತದೆ, ಮೇಲಿನ ಬಟ್ಟೆ ಒಣಗಿ ಅಂಟುವುದಿಲ್ಲ. ಈ ಸವರಿಕೆ ಹಸಿಯಿರುವಾಗಲೇ ಗಾಜಿನ ಬಟ್ಟೆ ಹಾಸಬೇಕು.

ಇಡೀ ವಿದ್ಯೆಯ ಜೀವಾಳ ಬಟ್ಟೆಯ ದಿಕ್ಕು. ಬಲ ನಾರಿನ ಉದ್ದಕ್ಕೆ ಮಾತ್ರ; ನಾರಿಗೆ ಅಡ್ಡವಾಗಿ ಎಳೆದರೆ ಹಿಡಿದಿಡುವುದು ಬರೀ ರೆಸಿನ್. ರೆಕ್ಕೆ ಬಾಗದಂತೆ ತಡೆಯುವ ಪಟ್ಟಿಗಳಲ್ಲಿ ಒಂದೇ ದಿಕ್ಕಿನ ನಾರಿನ ಬಟ್ಟೆಯನ್ನು ರೆಕ್ಕೆಯ ಉದ್ದಕ್ಕೆ ಹಾಸುತ್ತಾರೆ. ತಿರುಚದಂತೆ ತಡೆಯುವ ಹೊದಿಕೆಯಲ್ಲಿ ಎರಡು ಪದರ, ಒಂದು ಎಡಕ್ಕೆ 45 ಡಿಗ್ರಿ, ಇನ್ನೊಂದು ಬಲಕ್ಕೆ 45 ಡಿಗ್ರಿ. ಲೋಹದ ತಗಡು ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಬಲದ್ದು, ಹಾಗಾಗಿ ಬೇಡದ ಕಡೆಯ ಬಲದ ತೂಕವನ್ನೂ ಹೊರಬೇಕು. ರುಟಾನ್ ಬೇಕಾದ ಕಡೆಗಷ್ಟೇ ಬಲ ಇಟ್ಟರು. 1986ರ ಡಿಸೆಂಬರಿನಲ್ಲಿ ನಡುವೆ ಇಂಧನ ತುಂಬದೆ ಒಂಬತ್ತು ದಿನಗಳಲ್ಲಿ ಭೂಮಿ ಸುತ್ತಿದ ಅವರ ವಾಯೇಜರ್‌ನಲ್ಲಿ ಗಾಜಿನ ನಾರಿನ ಬದಲು ಹೆಚ್ಚಾಗಿ ಕಾರ್ಬನ್ ನಾರು, ಫೋಮಿನ ಬದಲು ಜೇನುಗೂಡಿನಂಥ ತಿರುಳು ಇದ್ದವು. ಆದರೆ ತರ್ಕ ಅದೇ.

ಪ್ರಶ್ನೆ (ಮೈಸೂರು): ಥರ್ಮಾಕೋಲ್ ಮೇಲೆ ಅಂಗಡಿಯ ಸಾಮಾನ್ಯ ರೆಸಿನ್ ಬಳಿದೆ. ಥರ್ಮಾಕೋಲೇ ಕರಗಿಹೋಯಿತು.

ಉತ್ತರ: ನೀವು ಬಳಿದದ್ದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ, ಥರ್ಮಾಕೋಲ್ ಅದೇ ವಸ್ತು. ಎಪಾಕ್ಸಿ ಬಳಸಿ. ಪಾಲಿಯೆಸ್ಟರೇ ಬೇಕೆಂದರೆ ಪಾಲಿಯುರೇಥೇನ್ (ಪಿಯು) ಫೋಮ್ ತನ್ನಿ. ಆದರೆ ಪಿಯು ಫೋಮನ್ನು ಕಾದ ತಂತಿಯಿಂದ ಎಂದೂ ಕತ್ತರಿಸಬೇಡಿ, ವಿಷದ ಹೊಗೆ ಬರುತ್ತದೆ. ಗರಗಸ, ಚಾಕು, ಉಪ್ಪುಕಾಗದ ಸಾಕು.

ಪ್ರಶ್ನೆ (ಹುಬ್ಬಳ್ಳಿ): ಎಪಾಕ್ಸಿಯಲ್ಲಿ ಮಾಡಿದ ಮುಚ್ಚಳ ಒಂದು ವಾರವಾದರೂ ಅಲ್ಲಲ್ಲಿ ಅಂಟುತ್ತದೆ. ಬೇಗ ಗಟ್ಟಿಯಾಗಲೆಂದು ಹಾರ್ಡ್‌ನರ್ ಜಾಸ್ತಿ ಹಾಕಿದ್ದೆ.

ಉತ್ತರ: ಅದೇ ಕಾರಣ. ಪಾಲಿಯೆಸ್ಟರ್‌ಗೆ ಹಾಕುವ ಎಂಇಕೆಪಿ ಎಂಬ ರಾಸಾಯನಿಕ, ಗಟ್ಟಿಯಾಗುವ ಕ್ರಿಯೆಗೆ ಬರೀ ಚಾಲನೆ ಕೊಡುವ ವಸ್ತು. ಸಾಮಾನ್ಯವಾಗಿ ನೂರು ಗ್ರಾಂಗೆ ಒಂದರಿಂದ ಎರಡು ಗ್ರಾಂ ಹಾಕುತ್ತೇವೆ, ಹವೆ ನೋಡಿ ತುಸು ಏರಿಳಿಸಬಹುದು. ಎಪಾಕ್ಸಿಯ ಹಾರ್ಡ್‌ನರ್ ಹಾಗಲ್ಲ, ಅದು ರೆಸಿನ್ ಜೊತೆ ಕೂಡಿ ಪ್ಲಾಸ್ಟಿಕ್ಕಿನ ಭಾಗವೇ ಆಗುತ್ತದೆ. ಹೆಚ್ಚಾದರೆ ಜೋಡಿ ಸಿಗದೆ ಉಳಿಯುತ್ತದೆ, ಮೇಲ್ಮೈ ಅಂಟುತ್ತದೆ. ಡಬ್ಬದ ಮೇಲಿನ ಅನುಪಾತವನ್ನು ಒಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಅದು ತೂಕದ ಅನುಪಾತವೋ ಗಾತ್ರದ್ದೋ ಎಂದು ಮೊದಲು ಓದಿಕೊಳ್ಳಿ. ಬಟ್ಟಲಿನ ಬದಿ, ತಳ ಕೆರೆಯುತ್ತ ಎರಡು ನಿಮಿಷ ಕಲಸಿ. ಅಲ್ಲಲ್ಲಿ ಮಾತ್ರ ಅಂಟುವುದಕ್ಕೆ ಅರೆಬರೆ ಕಲಸಿದ್ದೂ ಕಾರಣವಿರಬಹುದು. ಒಮ್ಮೆಗೆ ನೂರೈವತ್ತು ಗ್ರಾಂ ದಾಟಬೇಡಿ. ಆಳದ ಬಟ್ಟಲಿನಲ್ಲಿ ಹೆಚ್ಚು ಕಲಸಿಟ್ಟರೆ ತನ್ನ ಶಾಖಕ್ಕೇ ಹೊಗೆಯಾಡಿ ಗಡ್ಡೆಯಾಗುತ್ತದೆ. ಈಗಿನ ಮುಚ್ಚಳದಲ್ಲಿ ಅಂಟುವ ಭಾಗವನ್ನು ಕೆರೆದು ತೆಗೆಯಿರಿ. ಅದರ ಮೇಲೆ ಹೊಸ ಪದರ ಹಾಸಿದರೆ ನಿಲ್ಲುವುದಿಲ್ಲ.

ಪಾಲಿಯೆಸ್ಟರ್ ಬಳಸುವವರಿಗೆಲ್ಲ ಒಂದು ಮಾತು: ಗಟ್ಟಿಯಾಗುವುದನ್ನು ಚುರುಕುಗೊಳಿಸಲು ಹಾಕುವ ಕೋಬಾಲ್ಟ್ ದ್ರಾವಣ ಮತ್ತು ಎಂಇಕೆಪಿ ನೇರವಾಗಿ ಒಂದಕ್ಕೊಂದು ಬೆರೆಯಲೇಬಾರದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಎಂಇಕೆಪಿ ಹಾಕಿ.

ಪ್ರಶ್ನೆ (ತುಮಕೂರು): ಬಟ್ಟೆಗೆ ರೆಸಿನ್ ಎಷ್ಟು ಸಾಕು ಎಂದು ಗೊತ್ತಾಗುವುದು ಹೇಗೆ?

ಉತ್ತರ: ನೇಯ್ದ ಬಟ್ಟೆಯಾದರೆ ಅದರ ತೂಕಕ್ಕೆ ಸಮನಾದ ರೆಸಿನ್ ಮಿತಿ. ಚದರ ಮೀಟರಿಗೆ 300 ಗ್ರಾಂ ಬಟ್ಟೆಗೆ 200 ಗ್ರಾಮಿನಲ್ಲಿ ಮುಗಿಸಿದರೆ ಕೈ ಪಳಗಿದೆ ಎಂದರ್ಥ. ತುಂಡುನಾರಿನ ಮ್ಯಾಟ್ ತನ್ನ ತೂಕದ ಎರಡರಿಂದ ಎರಡೂವರೆ ಪಟ್ಟು ಕುಡಿಯುತ್ತದೆ. ಕಣ್ಣಿಗೂ ಗುರುತಿದೆ: ಬಿಳಿ ಚುಕ್ಕೆ ಕಂಡರೆ ಗಾಳಿ ಸಿಕ್ಕಿದೆ ಅಥವಾ ರೆಸಿನ್ ಸಾಲದು, ಕನ್ನಡಿಯಂತೆ ಹೊಳೆದರೆ ಹೆಚ್ಚಾಗಿದೆ, ರಬ್ಬರ್ ಪಟ್ಟಿಯಿಂದ ಎಳೆದು ತೆಗೆಯಿರಿ. ಹಾಸುಹೊಕ್ಕಿನ ನೇಯ್ಗೆ ಸ್ಪಷ್ಟವಾಗಿ ಕಾಣುತ್ತ ಪಾರದರ್ಶಕವಾಗಿದ್ದರೆ ಸರಿ. ಇನ್ನಷ್ಟು ಬಳಿದರೆ ಗಟ್ಟಿ ಎಂಬ ನಂಬಿಕೆ ತಪ್ಪು, ಅದರಿಂದ ತೂಕ ಏರುತ್ತದೆ, ಬಿರುಕು ಬೇಗ ಬರುತ್ತದೆ.

ಪ್ರಶ್ನೆ (ಬೆಂಗಳೂರು): ಇಂಥ ವಿಮಾನಗಳಿಗೆಲ್ಲ ಬಿಳಿ ಬಣ್ಣ ಏಕೆ? ನಮ್ಮಲ್ಲಿ ಯಾರಾದರೂ ಮಾಡಿದ್ದಾರೆಯೇ?

ಉತ್ತರ: ಕೋಣೆಯ ಶಾಖದಲ್ಲೇ ಗಟ್ಟಿಯಾಗುವ ಎಪಾಕ್ಸಿ ಸಾಮಾನ್ಯವಾಗಿ 60ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತೊಡಗುತ್ತದೆ. ಕಡುಬಣ್ಣದ ಮೇಲ್ಮೈ ಬೇಸಿಗೆಯ ಬಿಸಿಲಲ್ಲಿ ಅಷ್ಟು ಕಾಯುವುದು ಕಷ್ಟವಲ್ಲ. ಬಣ್ಣವಿಲ್ಲದಿದ್ದರೆ ನೇರಳಾತೀತ ಕಿರಣ ಎಪಾಕ್ಸಿಯನ್ನು ತಿನ್ನುತ್ತದೆ. ನಿಮ್ಮ ಊರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಎರಡು ಆಸನದ ಹಂಸ 1993ರಲ್ಲೇ ಹಾರಿತು, ಅದರ ಹೊಸ ರೂಪ ಹಂಸ-ಎನ್‌ಜಿ 2021ರಲ್ಲಿ. ಅದರ ಮೈ ಕಾಂಪೊಸಿಟ್‌ನದು, ಅಂದರೆ ನಾರು ಮತ್ತು ರೆಸಿನ್ ಕೂಡಿದ್ದು. ಆದರೆ ಅದು ಅಚ್ಚಿನಲ್ಲಿ ಮಾಡಿದ್ದು: ತರಬೇತಿ ವಿಮಾನಗಳು ಒಂದರಂತೆ ಇನ್ನೊಂದು ಇರಬೇಕು, ಅಲ್ಲಿ ಅಚ್ಚಿನ ಖರ್ಚು ಸಾರ್ಥಕ.