ಕಲ್ಲು ಒಡೆಯುವ ಮೊದಲು ಗೆರೆ ಎಳೆಯಿರಿ

ವಿಜಯಪುರದಿಂದ ನೀವು ಕಳಿಸಿದ ‘ಕಲ್ಲಿನೊಳಗಿನ ದಿಕ್ಸೂಚಿ’ ಲೇಖನ ಓದಿದೆ. ಲಾವಾ ಕಲ್ಲಿನಲ್ಲಿ ಹಳೆಯ ಭೂಕಾಂತಕ್ಷೇತ್ರದ ಗುರುತು ಓದುವ ವಿಷಯ ಒಳ್ಳೆಯದು, ಭಾಷೆ ಸಲೀಸಾಗಿದೆ. ಆದರೆ ಎರಡು ಕಡೆ ನನಗೆ ಸಿಟ್ಟೇ ಬಂತು.

“ಲಾವಾ ಹರಿಯುವಾಗ ಕಬ್ಬಿಣದ ಕಣಗಳು ದಿಕ್ಸೂಚಿ ಮುಳ್ಳಿನ ಹಾಗೆ ತಿರುಗಿ ಉತ್ತರಕ್ಕೆ ನಿಂತವು” ಎಂದಿದ್ದೀರಿ. ತಿರುಗಲಿಲ್ಲ. ಲಾವಾ ಹೊರಬೀಳುವುದು ಸುಮಾರು 1100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಆ ಕಣಗಳಿಗೆ ಕಾಂತತೆ ಬರುವುದು 580ಕ್ಕಿಂತ ಕೆಳಗೆ, ಟೈಟಾನಿಯಂ ಬೆರೆತಿದ್ದರೆ ಇನ್ನೂ ಕೆಳಗೆ. ಅಷ್ಟೊತ್ತಿಗೆ ಲಾವಾ ಬಸಾಲ್ಟ್ ಎಂಬ ಕಲ್ಲಾಗಿ ಗಟ್ಟಿಯಾಗಿರುತ್ತದೆ, ಕಣಕ್ಕೆ ಹೊರಳಲು ಜಾಗವೇ ಇಲ್ಲ. ಕಣ ಇದ್ದಲ್ಲೇ ಇದ್ದು, ಅದರೊಳಗಿನ ಕಾಂತತೆ ಮಾತ್ರ ಆಗಿನ ಭೂಕಾಂತಕ್ಷೇತ್ರದ ಕಡೆ ವಾಲಿ, ಕಲ್ಲು ತಣಿದಂತೆ ಅಲ್ಲೇ ಬಿಗಿಯುತ್ತದೆ. ತಿರುಗುವ ಕಣದ ಚಿತ್ರ ಬೇಕೇ ಬೇಕೆಂದರೆ ನಿಂತ ನೀರಿನ ತಳಕ್ಕಿಳಿಯುವ ಕೆಸರಿಗೆ ಇಟ್ಟುಕೊಳ್ಳಿ.

‘ಉತ್ತರಕ್ಕೆ’ ಎಂಬುದೂ ನಿಲ್ಲುವುದಿಲ್ಲ. ನಿಮ್ಮ ಕಡೆಯ ಲಾವಾ ಪದರಗಳ ರಾಶಿಯಾದ ದಖ್ಖನ್ ಟ್ರ್ಯಾಪಿನ ಬಹುಪಾಲು ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಕ್ಷೇತ್ರ ತಲೆಕೆಳಗಾಗಿದ್ದ 29ಆರ್ ಎಂಬ ಅವಧಿಯಲ್ಲಿ. ಆ ಪದರಗಳ ಕಾಂತತೆ ಆಗ್ನೇಯದ ಕಡೆ, ಕಡಿದಾಗಿ ಕೆಳಮುಖ. ಕಡಿದಾಗಲು ಕಾರಣ, ಭಾರತ ಆಗ ಸಮಭಾಜಕದಿಂದ ದೂರ, ದಕ್ಷಿಣಕ್ಕಿತ್ತು. ಕಾಂತತೆ ಸಮತಲದಿಂದ ವಾಲುವ ಕೋನ, ಅಂದರೆ ಇಳಿಕೋನದ ಟ್ಯಾನ್ ಅಕ್ಷಾಂಶದ ಟ್ಯಾನಿಗೆ ಎರಡರಷ್ಟು: 30 ಡಿಗ್ರಿ ಅಕ್ಷಾಂಶಕ್ಕೆ 49 ಡಿಗ್ರಿ. ಧ್ರುವಗಳು ಅದಲುಬದಲಾದ ಕಥೆ ಹೇಳಲು ಹೊರಟವರು ಎರಡನೇ ಪ್ಯಾರಾದಲ್ಲೇ ಉತ್ತರಕ್ಕೆ ಬೊಟ್ಟು ಮಾಡಿದರೆ ಹೇಗೆ?

ಇನ್ನು ನಿಮ್ಮ ಪ್ರಯೋಗ: “ಗುಡ್ಡದ ನೆತ್ತಿಯಿಂದ ಕಲ್ಲೊಂದು ತಂದು ದಿಕ್ಸೂಚಿ ಹಿಡಿದೆ, ಮುಳ್ಳು ಹಿಂದುಮುಂದಾಯಿತು.” ನೆತ್ತಿಯ ಕಲ್ಲಿಗೆ ಸಿಡಿಲು ಬಡಿದಿರುವ ಸಂಭವ ಹೆಚ್ಚು. ಮುಳ್ಳನ್ನು ಅಷ್ಟು ಜೋರಾಗಿ ಎಳೆದಿದ್ದೇ ಅನುಮಾನಕ್ಕೆ ಕಾರಣ. ಸಿಡಿಲಿನ ವಿದ್ಯುತ್ತು ಹಳೆಯ ಕಾಂತತೆಯನ್ನು ಒರೆಸಿ ತನ್ನದನ್ನು ಬರೆಯುತ್ತದೆ. ‘ತಂದು’ ಎಂಬುದು ಇನ್ನೂ ಕೆಟ್ಟದ್ದು. ಗೋಲಗುಮ್ಮಟದ ಗೋಡೆಯ ಬಸಾಲ್ಟಿನಲ್ಲೂ ಹಳೆಯ ಕಾಂತತೆ ಇದ್ದೀತು, ಆದರೆ ಕಲ್ಲುಕುಟಿಗ ಅದನ್ನು ಯಾವ ಮಗ್ಗುಲಿಗೆ ತಿರುಗಿಸಿ ಕೂರಿಸಿದ ಎಂದು ಯಾರಿಗೆ ಗೊತ್ತು? ನಾನು ಈ ಕೆಲಸ ಕಲಿಯುವಾಗ ಹಿರಿಯರು ಮೊದಲು ಬಾಯಿಪಾಠ ಮಾಡಿಸಿದ್ದು ಇದನ್ನೇ: ದಿಕ್ಕು ಗುರುತಿಸಿದ ಗೆರೆ ಇಲ್ಲದ ಕಲ್ಲು ಜಲ್ಲಿಕಲ್ಲು.

ಮಾಡುವ ಕ್ರಮ ಹೀಗೆ. ಖಣಿಯ ತಾಜಾ ಮುಖದಲ್ಲಿ, ಒಂದೇ ಪದರದಲ್ಲಿ, ಕೆಲವು ಮೀಟರ್ ಹರವಿಕೊಂಡು ಆರೆಂಟು ರಂಧ್ರ. ವಜ್ರದ ತುದಿಯ ಕೊಳವೆ ಬಿಟ್, ಜೊತೆಗೆ ನಿರಂತರ ನೀರು. ನೀರು ನಿಂತರೆ ಬಿಟ್ ಸುಟ್ಟುಹೋಗುತ್ತದೆ. 25 ಮಿಲಿಮೀಟರ್ ಅಗಲದ ದಿಂಡು ಬುಡಕ್ಕೆ ಅಂಟಿಕೊಂಡಿರುವಾಗಲೇ ಸೀಳುಗೊಳವೆ ತೊಡಿಸಿ ದಿಕ್ಕು, ಇಳಿಜಾರು ಅಳೆದು, ಸೀಳಿನೊಳಗೆ ಹಿತ್ತಾಳೆ ತಂತಿಯಿಂದ ಗೆರೆ ಎಳೆಯಬೇಕು. ಬಸಾಲ್ಟ್ ದಿಕ್ಸೂಚಿಯನ್ನೇ ಎಳೆಯುವುದರಿಂದ ಬಿಸಿಲ ನೆರಳಿನ ಕೋನವನ್ನೂ, ನಿಮಿಷ ತಪ್ಪದೆ ಹೊತ್ತನ್ನೂ ಬರೆದಿಡಿ. ಗೆರೆಗೆ ಮೊದಲೇ ದಿಂಡು ಮುರಿದರೆ ಬಿಸಾಕಿ, ಪಕ್ಕದಲ್ಲಿ ಕೊರೆಯಿರಿ.

ಲ್ಯಾಬಿನಲ್ಲಿ 22 ಮಿಲಿಮೀಟರಿನ ತುಂಡು ಮಾಡಿ, ಕಾಂತಕ್ಷೇತ್ರವಿಲ್ಲದ ಒಲೆಯಲ್ಲಿ 100, 200, 300 ಎಂದು 580ರವರೆಗೆ ಕಾಯಿಸಿ ತಣಿಸಿ, ಪ್ರತಿ ಸಲವೂ ಅಳೆಯುತ್ತಾರೆ. ಮೊದಲ 200–250 ಡಿಗ್ರಿಯೊಳಗೆ ಉದುರುವುದು ಸಾಮಾನ್ಯವಾಗಿ ಇತ್ತೀಚಿನ ಕ್ಷೇತ್ರ ಮೆತ್ತಿದ ಪದರು. ಉಳಿದದ್ದು ದಿಕ್ಕು ಬದಲಿಸದೆ ನೇರ ಸೊನ್ನೆಗೆ ಇಳಿದರೆ ಹಳೆಯದೆಂದು ನಂಬಬಹುದು.

ಪ್ರಯೋಗದ ಪ್ಯಾರಾ ಪೂರ್ತಿ ತೆಗೆಯಿರಿ. ಲಾವಾದ ಪ್ಯಾರಾ ಹೊಸದಾಗಿ ಬರೆದು ಕಳಿಸಿ, ಓದುತ್ತೇನೆ.