ಅಮ್ಮಂಗೆ ಆಕ್ಸಿಜನ್ ಜಾಸ್ತಿ ಇಟ್ರೆ ತಪ್ಪೇನು ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಮ್ಮಮ್ಮಂಗೆ 66 ವರ್ಷ. ಬೀಡಿ ಸಿಗರೇಟು ಮುಟ್ಟಿದೋರಲ್ಲ, ಆದ್ರೆ ಮದುವೆ ಆದಾಗಿಂದ ಸೌದೆ ಒಲೆ ಮುಂದೇನೇ ಕೂತೋರು. ಸಿಒಪಿಡಿ (ಉಸಿರಿನ ಕೊಳವೆ ಕಿರಿದಾಗೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅಂತ ಇನ್‌ಹೇಲರ್ ತಗೋತಿದ್ರು. ಹೋದ ತಿಂಗಳು ಕಫ ಕಟ್ಕೊಂಡು, ಮಾತಾಡಿಸಿದ್ರೂ ಮಂಪರಲ್ಲೇ ಇದ್ರು ಅಂತ ಅಡ್ಮಿಟ್ ಮಾಡಿದ್ವಿ, ರೆಸ್ಪಿರೇಟರಿ ಫೇಲ್ಯೂರ್ ಟೈಪ್ 2 ಅಂತ ಬರೆದು ಬೈಪ್ಯಾಪ್ ಅನ್ನೋ ಮಾಸ್ಕ್ ಹಾಕೋ ಉಸಿರಾಟದ ಮೆಷಿನ್ ಹಾಕಿದ್ರು. ಈಗ ಮನೇಲಿ ಆಕ್ಸಿಜನ್ ಕೊಡೋ ಕಾನ್ಸಂಟ್ರೇಟರ್ ಮೆಷಿನ್ ಇದೆ, 1 ಲೀಟರಲ್ಲಿ ಸ್ಯಾಚುರೇಶನ್ (ರಕ್ತದಲ್ಲಿರೋ ಆಕ್ಸಿಜನ್ ಮಟ್ಟ) 90 ಇರುತ್ತೆ, ಅಷ್ಟೇ ಸಾಕು ಅಂದಿದಾರೆ. ನಮ್ ಚಿಕ್ಕಪ್ಪ ಮಾತ್ರ, ಕೋವಿಡ್ ಟೈಮಲ್ಲಿ 94ಕ್ಕಿಂತ ಕಮ್ಮಿ ಆದ್ರೆ ಓಡಿ ಅಂತಿದ್ರಲ್ಲ, 4 ಲೀಟರ್ ಇಡಿ ಅಂತ ಕೂತಿದಾರೆ. ಫೇಲ್ಯೂರ್ ಅಂದ್ರೆ ಶ್ವಾಸಕೋಶ ಪೂರ್ತಿ ಹೋಯ್ತಾ?
— ಓದುಗರು, ತಿಪಟೂರು

ಉತ್ತರ: ಮೊದ್ಲು ಚಿಕ್ಕಪ್ಪನ ಕೈಯಿಂದ ಆ ನಾಬ್ ತಪ್ಪಿಸಿ. ಪಾಪ, ಅವ್ರ ಕಾಳಜಿ ಸರಿನೇ, ಆದ್ರೆ ಕೋವಿಡ್ ಲೆಕ್ಕ ಬೇರೆ ನಿಮ್ಮಮ್ಮನ ಲೆಕ್ಕ ಬೇರೆ.

ಫೇಲ್ಯೂರ್ ಅಂದ್ರೆ ಶ್ವಾಸಕೋಶ ನಿಂತೋಯ್ತು ಅಂತಲ್ಲ, ಅದರ ಕೆಲಸ ದೇಹಕ್ಕೆ ಸಾಲ್ತಿಲ್ಲ ಅಂತ. ಟೈಪ್ 1ರಲ್ಲಿ ಆಕ್ಸಿಜನ್ ಮಾತ್ರ ಕಮ್ಮಿ, ನ್ಯುಮೋನಿಯಾ, ಕೋವಿಡ್ ಇಂಥದ್ರಲ್ಲಿ ಸಾಮಾನ್ಯವಾಗಿ ಹಂಗೆ. ಟೈಪ್ 2ರಲ್ಲಿ ಕಾರ್ಬನ್ ಡೈಆಕ್ಸೈಡ್ (ಸಿಒ2) ಕೂಡ ಆಚೆ ಹೋಗದೆ ರಕ್ತದಲ್ಲೇ ಉಳ್ಕೊಳ್ಳುತ್ತೆ, ಅಮ್ಮನ ಮಂಪರಿಗೆ ಅದೇ ಕಾರಣ ಆಗಿರೋ ಸಾಧ್ಯತೆ ಜಾಸ್ತಿ. ಬೆರಳಿಗೆ ಹಾಕೋ ಆಕ್ಸಿಮೀಟರ್ ಇದನ್ನ ತೋರ್ಸೋದೇ ಇಲ್ಲ, 97 ತೋರಿಸ್ತಿರೋವಾಗ್ಲೇ ಒಳಗಡೆ ಸಿಒ2 ಏರ್ತಿರಬಹುದು. ಅದು ಗೊತ್ತಾಗೋಕೆ ಎಬಿಜಿ ಅನ್ನೋ ರಕ್ತ ಪರೀಕ್ಷೆ ಬೇಕು, ಮಣಿಕಟ್ಟಲ್ಲಿ ನಾಡಿ ನೋಡೋ ಜಾಗಕ್ಕೇ ಸೂಜಿ ಚುಚ್ಚಿ ರಕ್ತ ತೆಗೀತಾರಲ್ಲ ಅದು, ಚೆನ್ನಾಗೇ ನೋವಾಗುತ್ತೆ, ಅಮ್ಮಂಗೆ ನೆನಪಿರುತ್ತೆ ಕೇಳಿ ನೋಡಿ. ಡಿಸ್ಚಾರ್ಜ್ ಫೈಲಲ್ಲಿ ಆ ರಿಪೋರ್ಟ್ ಇದ್ರೆ ಪಿಸಿಒ2 (ರಕ್ತದಲ್ಲಿರೋ ಸಿಒ2 ಮಟ್ಟ) ಅಂತಿರೋ ಸಾಲು ನೋಡಿ, ನಾರ್ಮಲ್ 35ರಿಂದ 45.

ಇಂಥೋರಿಗೆ ಬೇಕಾಬಿಟ್ಟಿ ಆಕ್ಸಿಜನ್ ಕೊಟ್ರೆ ಸಿಒ2 ಇನ್ನೂ ಏರುತ್ತೆ. ಯಾಕಂದ್ರೆ ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ಆಡದ ಭಾಗಕ್ಕೆ ದೇಹ ತಾನಾಗೇ ರಕ್ತ ಕಮ್ಮಿ ಕಳಿಸ್ತಿರುತ್ತೆ, ಆಕ್ಸಿಜನ್ ಜಾಸ್ತಿ ಆದ್ರೆ ಆ ಕಂಟ್ರೋಲ್ ತಪ್ಪಿ ರಕ್ತ ಅಲ್ಲಿಗೂ ನುಗ್ಗುತ್ತೆ, ಸಿಒ2 ಬಿಡೋಕಾಗದೆ ಹಂಗೇ ವಾಪಸ್ ಬರುತ್ತೆ, ಜೊತೆಗೆ ಉಸಿರಾಟದ ಜೋರೂ ಸ್ವಲ್ಪ ಇಳಿಯುತ್ತೆ. ಅದಕ್ಕೇ ಸ್ಯಾಚುರೇಶನ್ ಗುರಿ 88ರಿಂದ 92. ಅಮ್ಮನ 90 ಕರೆಕ್ಟಾಗಿದೆ.

ಈ ಸಿಒ2 ಕಾಟ ಡಾಕ್ಟ್ರುಗಳಿಗೇ ಒಂದು ಕಾಲದಲ್ಲಿ ಹೊಳೆದಿರ್ಲಿಲ್ಲ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಬಂದಾಗ ರೋಗಿಗಳು ಸಾಯ್ತಿದ್ದಿದ್ದು ಉಸಿರಾಟ ಸಾಲದೆ ಸಿಒ2 ತುಂಬ್ಕೊಂಡು ಅಂತ ಗುರುತಿಸಿದ್ದು ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ಡಾಕ್ಟ್ರು. ಆಮೇಲೆ ಮೆಡಿಕಲ್ ಸ್ಟೂಡೆಂಟ್ಸು ಪಾಳಿ ಮೇಲೆ ಕೂತು ಹಗಲೂ ರಾತ್ರಿ ಕೈಯಲ್ಲೇ ಬ್ಯಾಗ್ ಒತ್ತಿ ಉಸಿರು ಕೊಟ್ರು, ಸಾವು ಎಷ್ಟೋ ಕಮ್ಮಿ ಆಯ್ತು. ಇವತ್ತಿನ ಐಸಿಯು ಹುಟ್ಟಿದ್ದೇ ಹಂಗೆ.

ಬೈಪ್ಯಾಪ್ ಮಾಡೋದೂ ಅದನ್ನೇ, ಎಳ್ಕೊಳ್ಳೋವಾಗ ಜಾಸ್ತಿ ಪ್ರೆಶರ್, ಬಿಡೋವಾಗ ಕಮ್ಮಿ ಪ್ರೆಶರ್ ಕೊಟ್ಟು ಉಸಿರು ದೊಡ್ಡದು ಮಾಡುತ್ತೆ, ಸಿಒ2 ಆಚೆ ಹೋಗುತ್ತೆ. ಮನೆಗೂ ಬರ್ಕೊಟ್ಟಿದ್ರೆ ಸೆಕೆ ಅಂತ ರಾತ್ರಿ ಕಿತ್ತಿಡೋಕೆ ಬಿಡ್ಬೇಡಿ. ಮೂಗಿನ ಮೇಲೆ ಗಾಯ ಆಗ್ತಿದ್ರೆ ಪಟ್ಟಿ ವಿಪರೀತ ಬಿಗಿ ಇದೆ ಅಂತ, ಇಲ್ಲಾ ಮಾಸ್ಕ್ ಸೈಜೇ ತಪ್ಪಿದೆ, ಬದಲಾಯಿಸ್ಕೊಳ್ಳಿ.

ಇದನ್ನ ಕೇಳಿ ಹೆದ್ರಿ ಆಕ್ಸಿಜನ್ ಪೂರ್ತಿ ಆಫ್ ಮಾಡೋರೂ ಇದಾರೆ, ಅದು ಇನ್ನೂ ಅಪಾಯ. ಅಭ್ಯಾಸ ಆಗ್ಬಿಡುತ್ತೆ ಅನ್ನೋದೂ ಸುಳ್ಳು, ದೀರ್ಘಕಾಲಕ್ಕೆ ಅಂತ ಬರ್ಕೊಟ್ಟಿದ್ರೆ ದಿನಕ್ಕೆ ಕಮ್ಮಿ ಅಂದ್ರೂ 15 ಗಂಟೆ ಹಾಕ್ಬೇಕು. ಟ್ಯೂಬ್ ಮೂಗಲ್ಲಿದ್ದಾಗ ದೇವರ ದೀಪ, ಒಲೆ, ಗ್ಯಾಸ್ ಹತ್ರ ಸುಳಿಯೋ ಹಾಗಿಲ್ಲ. ಕರೆಂಟ್ ಹೋಗೋ ಊರು, ಒಂದು ಸಿಲಿಂಡರ್ ಇಟ್ಕೊಳ್ಳಿ. ನಿದ್ದೆ ಬರಲ್ಲ ಅಂತ ಮೆಡಿಕಲ್ ಸ್ಟೋರಿಂದ ಮಾತ್ರೆ ತಂದ್ಕೊಡ್ಬೇಡಿ, ಉಸಿರಾಟ ಇನ್ನೂ ಕುಗ್ಗುತ್ತೆ.

ಬೆಳಗೆದ್ದಾಗ ತಲೆನೋವು, ಹಗಲೆಲ್ಲಾ ತೂಕಡಿಕೆ, ಕೈ ಮುಂದೆ ಚಾಚಿದ್ರೆ ಪಟಪಟ ಅಲ್ಲಾಡೋದು, ತಾಳಮೇಳ ಇಲ್ಲದ ಮಾತು, ಇದ್ರಲ್ಲಿ ಯಾವುದು ಹೊಸದಾಗಿ ಕಂಡ್ರೂ, ಇಲ್ಲಾ ಸ್ಯಾಚುರೇಶನ್ 88ರ ಕೆಳಗೇ ನಿಂತ್ರೂ ಆಸ್ಪತ್ರೆಗೆ ಹೊರಡಿ, ತೀರಾ ಮಂಪರಾದ್ರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸಲ್ಲೂ ಫುಲ್ ಆಕ್ಸಿಜನ್ ಇಟ್ಬಿಡೋ ಚಾನ್ಸ್ ಇರುತ್ತೆ, ಅದಕ್ಕೆ ‘ಸಿಒ2 ರಕ್ತದಲ್ಲೇ ಉಳ್ಕೊಳ್ಳುತ್ತೆ, ಸ್ಯಾಚುರೇಶನ್ 88–92 ಸಾಕು’ ಅಂತ ದಪ್ಪ ಅಕ್ಷರದಲ್ಲಿ ಬರೆದು ಫೈಲ್ ಮೇಲೇ ಅಂಟಿಸಿಡಿ.