ನಿಷ್ಣಾತ ಅಂದ್ರೆ ಚೆನ್ನಾಗಿ ಮಿಂದವ

ಪ್ರಶ್ನೆ: ಸರ್, ಅಣ್ಣನ ಮಗನಿಗೆ ಚೆಂಡೆಯಲ್ಲಿ ಪ್ರೈಜ್ ಬಂತು ಅಂತ ಫ್ಯಾಮಿಲಿ ಗ್ರೂಪಲ್ಲಿ 'ಚೆಂಡೆಯಲ್ಲಿ ನಿಸ್ನಾತ' ಅಂತ ಹಾಕಿದೆ. ಭಾವ ಕೂಡ್ಲೇ 'ಅದು ನಿಷ್ಣಾತ, ಸ್ನಾನ ಮಾಡಿದವ ಅಲ್ಲ' ಅಂತ ಕುಶಾಲು ಮಾಡಿದ್ರು. ನಿಷ್ಠೆಯಿಂದ ಕಲಿತವ ನಿಷ್ಣಾತ ಅಂತೆ. ಹೌದಾ?
- ಓದುಗರೊಬ್ಬರು, ಸುರತ್ಕಲ್

ಉತ್ತರ: ಸ್ಪೆಲ್ಲಿಂಗಲ್ಲಿ ಭಾವ ಗೆದ್ರು, ಅರ್ಥದಲ್ಲಿ ನೀವೇ ಗೆದ್ದದ್ದು ಮಾರ್ರೆ. ನಿಷ್ಣಾತದ ಒಳಗೆ ಇರುದು ಸ್ನಾನವೇ. 'ಸ್ನಾ' ಅಂದ್ರೆ ಮೀಯುದು, ಅದಕ್ಕೆ ಮುಂದೆ 'ನಿ' ಸೇರಿದೆ, ಅಂದ್ರೆ ಒಂದು ವಿದ್ಯೆಯಲ್ಲಿ ತಲೆ ಮುಳುಗುವಷ್ಟು ಮಿಂದು ಎದ್ದವ. ನಿಷ್ಠೆ ಬೇರೆಯೇ, ಅದು 'ಸ್ಥಾ' ಅಂದ್ರೆ ನಿಲ್ಲು ಅನ್ನುವ ಧಾತುವಿಂದ ಬಂದದ್ದು. ಒಬ್ಬ ದಡದಲ್ಲಿ ಗಟ್ಟಿಯಾಗಿ ನಿಂತವ, ಇನ್ನೊಬ್ಬ ನೀರಿಗೆ ಹಾರಿದವ, ಅಷ್ಟು ವ್ಯತ್ಯಾಸ ಉಂಟು.

ಮತ್ತೆ ಸ ಹೋಗಿ ಷ ಯಾಕಾಯ್ತು? ಇಲ್ಲೇ ಮಜಾ ಇರುದು. ಸಂಸ್ಕೃತ ವ್ಯಾಕರಣ ಬರೆದ ಪಾಣಿನಿ ಇದೊಂದಕ್ಕೇ ಅಂತ ಒಂದು ಸೂತ್ರ ಬರೆದಿದ್ದಾನೆ, ಅವನ ಗ್ರಂಥ ಅಷ್ಟಾಧ್ಯಾಯಿಯ 8.3.89, 'ನಿನದೀಭ್ಯಾಂ ಸ್ನಾತೇಃ ಕೌಶಲೇ'. ನಿ ಅಥವಾ ನದೀ ಅನ್ನುವುದರ ನಂತರ ಸ್ನಾ ಬಂದ್ರೆ, ಕೌಶಲದ ಅರ್ಥ ಇದ್ರೆ ಮಾತ್ರ, ಸ ಇದ್ದದ್ದು ಷ ಆಗ್ತದೆ, ಷ ಬಂದ ಮೇಲೆ ಅದರ ಪಕ್ಕದ ನ ಕೂಡ ಣ ಆಗಿಬಿಡ್ತದೆ. ಸುಮ್ನೆ ಹೊಳೆಗೆ ಹೋಗಿ ಮಿಂದು ಬಂದವ ನದೀಸ್ನಾತ, ಹೊಳೆಯ ಮರ್ಮ ಗೊತ್ತಿರುವವ ನದೀಷ್ಣ. ನೇತ್ರಾವತಿಯಲ್ಲಿ ಎಲ್ಲಿ ಗುಂಡಿ, ಎಲ್ಲಿ ಸೆಳೆತ ಅಂತ ಕಣ್ಣು ಮುಚ್ಚಿ ಹೇಳುವ ದೋಣಿಯವರು ಇದ್ದಾರಲ್ಲ, ಅಂಥವರಿಗೆ ಆ ಶಬ್ದ. ಒಂದು ಅಕ್ಷರದಲ್ಲಿ ಇಬ್ಬರನ್ನೂ ಬೇರೆ ಮಾಡಿಟ್ಟಿದ್ದಾನೆ ಪುಣ್ಯಾತ್ಮ!

ಈಗ ನಿಷ್ಣಾತ ಅಂದ್ರೆ ಡಾಕ್ಟ್ರು, ವಕೀಲರು ಅಂತಲೇ ನಮ್ಮ ತಲೆಯಲ್ಲಿ. ಆದ್ರೆ ಕಾಶಿಕಾ ಅನ್ನುವ ಹಳೇ ವ್ಯಾಖ್ಯಾನದಲ್ಲಿ ಈ ಸೂತ್ರಕ್ಕೆ ಕೊಟ್ಟ ಉದಾಹರಣೆ ಎಂತ ಗೊತ್ತುಂಟಾ, ಚಾಪೆ ಹೆಣೆಯುದ್ರಲ್ಲಿ ನಿಷ್ಣಾತ, ಹಗ್ಗ ಹೊಸೆಯುದ್ರಲ್ಲಿ ನಿಷ್ಣಾತ. ನಂಗೆ ಅದೇ ಹೆಚ್ಚು ಇಷ್ಟ, ತೆಂಗಿನ ನಾರಿಂದ ಹಗ್ಗ ಹೊಸೆದ ಕೈ ನೋಡಿದ ನಮ್ಮ ಊರಿನವರಿಗೆ ವಿವರಿಸಿ ಹೇಳುದು ಬೇಡ. ಸ್ನಾತಕ ಕೂಡ ಇದೇ ಮನೆಯ ಶಬ್ದ, ಗುರುಕುಲದ ಓದು ಮುಗಿಸಿ ವಿಧಿಪ್ರಕಾರ ಮಿಂದವ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಓದುವ ಮಕ್ಕಳು ಆ ಲೆಕ್ಕದಲ್ಲಿ ಮಿಂದ ಮೇಲೂ ಓದುವವರು, ಕ್ಯಾಂಪಸ್ಸಿನ ಹೆಸರೂ ಮಂಗಳಗಂಗೋತ್ರಿ, ನೀರಿಗೆ ಎಂತದೂ ಕೊರತೆ ಇಲ್ಲ.

ಕನ್ನಡದ ದಾರಿ ಬೇರೆ, ಅದು ಮೀಯುದಿಲ್ಲ, ಅರೆಯುತ್ತದೆ. ನುರಿ ಅಂದ್ರೆ ಪುಡಿಯಾಗುದು, ನುಣ್ಣಗಾಗುದು, ಅದರಿಂದಲೇ ನುರಿತ ಕೆಲಸಗಾರ. 'ಲೆಕ್ಕವನ್ನು ಅರೆದು ಕುಡಿದಿದ್ದಾನೆ' ಅನ್ನುವ ಮಾತಿನಲ್ಲೂ ಅದೇ ಕಡೆಯುವ ಕಲ್ಲು ತಿರುಗುದು.

ಹಾಗಾಗಿ ಗ್ರೂಪಲ್ಲಿ ಧೈರ್ಯವಾಗಿ ಬರೀರಿ, ಷ ಮತ್ತು ಣ ಮಾತ್ರ ಸರಿ ಮಾಡಿಕೊಳ್ಳಿ. ಹುಡುಗ ಇನ್ನೂ ಶಾಲೆಗೆ ಹೋಗುವವನಾದ್ರೆ ಸದ್ಯಕ್ಕೆ 'ಚೆಂಡೆಯಲ್ಲಿ ಭಾರೀ ಹುಷಾರ್' ಅಂದ್ರೂ ನಡೀತದೆ, ಅದಕ್ಕೆ ಭಾವನೂ ಎಂತ ಹೇಳಲಿಕ್ಕಿಲ್ಲ.